ಒಂದೇ ವಿನ್ಯಾಸ, ಮೂರು ಬಗೆಯ ನೂಲು: ಕೌಲ್‌ಗೆ ಕುಣಿಕೆಗಳ ಲೆಕ್ಕವೂ ಒಂದೇ ಇರಬೇಕೇ?

ಬೊರಿವಲಿ ಬಳ್ಳಿ

ಎಲ್ಲರಿಗೂ ನಮಸ್ಕಾರ. ಚಳಿ ಬರುವುದರೊಳಗೆ ಮೂರು ಕೌಲ್ (ಕತ್ತಿನ ಸುತ್ತ ಬಳೆಯಂತೆ ಕೂರುವ ಮಫ್ಲರ್) ಹೆಣೆದು ಮುಗಿಸಬೇಕೆಂದಿದ್ದೇನೆ. ಒಂದು ಟೊರಾಂಟೊದಲ್ಲಿ ಓದುತ್ತಿರುವ ಮಗಳಿಗೆ. ಕೈಯಲ್ಲಿ ಒಗೆಯುವ ವ್ಯವಧಾನ ಅವಳಿಗಿರದು ಎಂದು ಯಂತ್ರದಲ್ಲಿ ಒಗೆದರೂ ಕುಗ್ಗದ ಸೂಪರ್‌ವಾಶ್ ಮೆರಿನೊ (ನಯವಾದ ಉಣ್ಣೆಯ) ನೂಲನ್ನು ಆರಿಸಿದ್ದೇನೆ. ಎರಡನೆಯದು ಪುಣೆಯಲ್ಲಿರುವ ತಂಗಿಗೆ. ಅವಳು ಬೆಳಗಿನ ಪಾಳಿಗೆ ಸ್ಕೂಟರ್‌ನಲ್ಲಿ ಹಿಂಜವಡಿಗೆ ಹೋಗುತ್ತಾಳೆ, ಮನೆಯಲ್ಲೇ ಉಳಿದಿರುವ ಲುಧಿಯಾನದ ಅಕ್ರಿಲಿಕ್ (ಕೃತಕ ನಾರಿನ) ಉಂಡೆಗಳೇ ಸಾಕು ಎನ್ನುತ್ತಾಳೆ. ಮೂರನೆಯದು ನನಗೇ. ಚರ್ಚ್‌ಗೇಟ್‌ಗೆ ಹೋಗುವ ಎಸಿ ಲೋಕಲ್‌ನಲ್ಲಿ ತಣ್ಣನೆಯ ಗಾಳಿ ನೇರವಾಗಿ ಕತ್ತಿನ ಮೇಲೆ ಬೀಳುತ್ತದೆ, ಇಳಿದ ಕೂಡಲೇ ಬೆವರು ಹರಿಯುತ್ತದೆ. ಆದ್ದರಿಂದ ನನಗೆ ಹತ್ತಿ ಮತ್ತು ಬಿದಿರು ಬೆರೆತ ನೂಲು.

ವಿನ್ಯಾಸ ಮೂರಕ್ಕೂ ಒಂದೇ: 4 ಮಿ.ಮೀ. ಕಡ್ಡಿ, 112 ಕುಣಿಕೆ, ಎರಡು ನಿಟ್ (ನೇರ ಕುಣಿಕೆ) ಎರಡು ಪರ್ಲ್‌ನ (ಉಲ್ಟಾ ಕುಣಿಕೆ) ರಿಬ್, ಅಂದರೆ ಉದ್ದುದ್ದ ಗೆರೆಗಳ ಹಿಗ್ಗುವ ಹೆಣಿಗೆ, 24 ಸೆಂ.ಮೀ. ಎತ್ತರ. ಮೂರೂ ನೂಲುಗಳು ಕಣ್ಣಿಗೆ ಒಂದೇ ದಪ್ಪ ಕಾಣುತ್ತವೆ. ಹೀಗಿರುವಾಗ ಮೂರಕ್ಕೂ ಅದೇ 112 ಕುಣಿಕೆ ಏರಿಸಬಹುದೇ? ಕೌಲ್ ತಲೆಯ ಮೂಲಕ ಸುಲಭವಾಗಿ ಇಳಿಯಬೇಕು, ಆದರೆ ಇಳಿದ ಮೇಲೆ ಕತ್ತಿನಿಂದ ದೂರ ನಿಂತು ಜೋಲಬಾರದು.

ಕೊಥ್ರೂಡ್ ಕಡ್ಡಿ

ಬಳ್ಳಿಯವರೇ, ತಾವು ಕೊನೆಯ ವಾಕ್ಯದಲ್ಲಿ ಹೇಳಿರುವುದೇ ಕೌಲ್‌ನ ಇಡೀ ಸಮಸ್ಯೆ. ಮಹಿಳೆಯರಲ್ಲಿ ತಲೆಯ ಸುತ್ತಳತೆ ಸಾಮಾನ್ಯವಾಗಿ 54ರಿಂದ 58 ಸೆಂ.ಮೀ. ಇರುತ್ತದೆ, ಕತ್ತಿನದು ಅದಕ್ಕಿಂತ ಸುಮಾರು 20 ಸೆಂ.ಮೀ. ಕಡಿಮೆ. ಈ ಎರಡು ಅಳತೆಗಳ ನಡುವಿನ ಅಂತರವನ್ನು ತುಂಬುವುದು ನೂಲಿನ ಹಿಗ್ಗುವ ಮತ್ತು ಹಿಗ್ಗಿದ ಮೇಲೆ ಮರಳಿ ಕುಗ್ಗುವ ಗುಣವೇ ಹೊರತು ವಿನ್ಯಾಸದಲ್ಲಿ ಬರೆದಿರುವ ಸಂಖ್ಯೆಯಲ್ಲ. ಉಣ್ಣೆಗೆ ಈ ಗುಣ ಹುಟ್ಟಿನಿಂದಲೇ ಇದೆ, ಹತ್ತಿಗೆ ಇಲ್ಲ. ಆದ್ದರಿಂದ ಲೆಕ್ಕ ಒಂದೇ ಆಗಲಾರದು ಎಂಬುದು ನನ್ನ ನೇರವಾದ ಉತ್ತರ.

112 ಎಂಬ ಸಂಖ್ಯೆ ಎಲ್ಲಿಂದ ಬಂತೆಂದು ನೋಡೋಣ. 10 ಸೆಂ.ಮೀ. ಅಗಲಕ್ಕೆ 22 ಕುಣಿಕೆಯೆಂದು ಹಿಡಿದರೆ 112 ಕುಣಿಕೆಗೆ ಸುಮಾರು 51 ಸೆಂ.ಮೀ. ಸುತ್ತಳತೆ ಬರುತ್ತದೆ. ಉಣ್ಣೆಯ ರಿಬ್ ಆಗಿದ್ದರೆ 56 ಸೆಂ.ಮೀ. ತಲೆಯನ್ನು ಅದು ಸಲೀಸಾಗಿ ದಾಟಿ, ಕತ್ತಿನ ಬಳಿ ಮತ್ತೆ ಮುದುಡಿ ಕೂರುತ್ತದೆ. ಅದೇ 51 ಸೆಂ.ಮೀ. ಹತ್ತಿಯಲ್ಲಿ ತಲೆಯನ್ನು ದಾಟಲು ಹೆಣಗುತ್ತದೆ, ಹಾಗೂ ಹೀಗೂ ಎಳೆದು ದಾಟಿಸಿದರೆ ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿದುಬಿಡುತ್ತದೆ. ಇನ್ನು ಅಕ್ರಿಲಿಕ್ ಉಂಡೆಗಳ ವಿಚಾರದಲ್ಲಿ ಕಣ್ಣಂದಾಜಿನ ದಪ್ಪವನ್ನು ನಂಬಬೇಡಿ. ಚೀಟಿಯಲ್ಲಿ 100 ಗ್ರಾಂಗೆ ಎಷ್ಟು ಮೀಟರ್ ಎಂದು ನೋಡಿ. ಉಣ್ಣೆಯ ಡಿಕೆ (4 ಮಿ.ಮೀ. ಕಡ್ಡಿಗೆ ಹೊಂದುವ ದಪ್ಪದ) ನೂಲು 100 ಗ್ರಾಂಗೆ 200ರಿಂದ 250 ಮೀಟರ್ ಇರುತ್ತದೆ. ಅಕ್ರಿಲಿಕ್ ಹಗುರವಾದ್ದರಿಂದ ಅಷ್ಟೇ ದಪ್ಪಕ್ಕೆ ಹೆಚ್ಚು ಮೀಟರ್, ಹತ್ತಿ ಭಾರವಾದ್ದರಿಂದ ಕಡಿಮೆ ಮೀಟರ್ ಸಿಗುತ್ತದೆ. 'ನಾಲ್ಕು ಪ್ಲೈ', 'ಮೂರು ಪ್ಲೈ' ಎಂದು ಅಂಗಡಿಯವರು ಹೇಳುವುದು ಎಷ್ಟು ಎಳೆ ಸೇರಿಸಿ ಹೊಸೆದಿದ್ದಾರೆಂಬುದನ್ನಷ್ಟೇ ತಿಳಿಸುತ್ತದೆ. ಎಳೆಯೇ ದಪ್ಪವಾಗಿದ್ದರೆ ಎರಡು ಪ್ಲೈ ನೂಲು ನಾಲ್ಕು ಪ್ಲೈಗಿಂತ ದಪ್ಪವಿರಬಹುದು.

ಡೊಂಬಿವಲಿ ಹೊಸಬಿ

ಮಧ್ಯದಲ್ಲಿ ಒಂದು ಚಿಕ್ಕ ಪ್ರಶ್ನೆ. ನನ್ನ ಬಳಿ ಅತ್ತೆಯವರ ಕಾಲದ ಅಲ್ಯುಮಿನಿಯಂ ಕಡ್ಡಿಗಳಿವೆ, ಅವುಗಳ ತಲೆಯ ಮೇಲೆ '8' ಎಂದು ಕೊರೆದಿದೆ. ಅಮೆರಿಕದ ವಿನ್ಯಾಸವೊಂದರಲ್ಲಿಯೂ 8ನೇ ನಂಬರಿನ ಕಡ್ಡಿ ಬಳಸಿ ಎಂದಿದೆ. ಎರಡೂ ಒಂದೇ ತಾನೇ?

ಕೊಥ್ರೂಡ್ ಕಡ್ಡಿ

ಖಂಡಿತ ಅಲ್ಲ, ಮತ್ತು ಇದು ಚಿಕ್ಕ ಪ್ರಶ್ನೆಯೂ ಅಲ್ಲ. ನಮ್ಮ ಅಂಗಡಿಗಳ ಹಳೆಯ ಕಡ್ಡಿಗಳು ಬ್ರಿಟಿಷ್ ನಂಬರಿನವು. ಅದರಲ್ಲಿ 8 ಎಂದರೆ 4 ಮಿ.ಮೀ., 10 ಎಂದರೆ 3.25 ಮಿ.ಮೀ., ಅಂದರೆ ನಂಬರು ಏರಿದಂತೆ ಕಡ್ಡಿ ಸಣ್ಣದಾಗುತ್ತದೆ. ಅಮೆರಿಕದ್ದು ಇದಕ್ಕೆ ತದ್ವಿರುದ್ಧ, ಅಲ್ಲಿ 8 ಎಂದರೆ 5 ಮಿ.ಮೀ. ಒಂದು ಮಿ.ಮೀ. ವ್ಯತ್ಯಾಸ ಕೌಲ್‌ನ ಅಳತೆಯನ್ನು ಪೂರ್ತಿ ಕೆಡಿಸಬಲ್ಲದು. ಯಾವ ದೇಶದ ವಿನ್ಯಾಸವಾದರೂ ಮಿ.ಮೀ. ಲೆಕ್ಕವನ್ನೇ ಹಿಡಿಯಿರಿ.

ಠಾಣೆಯ ಗಿರಣಿಯವ

ನಾನು ಹೆಣೆಯುವವನಲ್ಲ, ನನ್ನ ಶ್ರೀಮತಿಯವರು ಹೆಣೆಯುತ್ತಾರೆ. ಆದರೆ ಉಣ್ಣೆ ಗಿರಣಿಯ ಪರೀಕ್ಷಾ ವಿಭಾಗದಲ್ಲಿ ದುಡಿದು ನಿವೃತ್ತನಾದವನಾದ್ದರಿಂದ ನಾರಿನ ಬಗ್ಗೆ ನಾಲ್ಕು ಮಾತು ಹೇಳಬಹುದೆಂದುಕೊಂಡಿದ್ದೇನೆ. (ಚಳಿಯೇ ಇಲ್ಲದ ಠಾಣೆಯಲ್ಲಿ ಉಣ್ಣೆಯ ಗಿರಣಿಯೇ ಎಂದು ಕೇಳುವವರಿಗೆ: ರೇಮಂಡ್ ಗಿರಣಿ 1925ರಲ್ಲಿ ಆರಂಭವಾದದ್ದು ಇಲ್ಲಿಯೇ.)

ಉಣ್ಣೆಯ ನಾರು ನೇರವಾಗಿರುವುದಿಲ್ಲ, ಅದರಲ್ಲಿ ಸಣ್ಣ ಸಣ್ಣ ಅಲೆಗಳಿರುತ್ತವೆ. ಎಳೆದಾಗ ಅಲೆ ಬಿಚ್ಚಿಕೊಳ್ಳುತ್ತದೆ, ಬಿಟ್ಟಾಗ ಮತ್ತೆ ಮಡಿಸಿಕೊಳ್ಳುತ್ತದೆ. ಮೆರಿನೊದಲ್ಲಿ ಈ ಅಲೆಗಳು ಬಹಳ ಒತ್ತಾಗಿರುವುದರಿಂದ ಅದರ ರಿಬ್ ಎಷ್ಟು ಬಾರಿ ತಲೆ ದಾಟಿದರೂ ಹಿಡಿತ ಬಿಡುವುದಿಲ್ಲ. ಅಲ್ಪಾಕಾ ನಾರಿನಲ್ಲಿ ಅಲೆ ಕಡಿಮೆ. ಬೆಚ್ಚಗಿದ್ದರೂ, ಮೃದುವಾಗಿದ್ದರೂ ಅದು ತನ್ನ ಭಾರಕ್ಕೆ ತಾನೇ ಇಳಿಬೀಳುತ್ತದೆ. ರೇಷ್ಮೆ, ಹತ್ತಿ, ಬಿದಿರಿನ ವಿಸ್ಕೋಸ್ (ಬಿದಿರಿನ ತಿರುಳಿನಿಂದ ತಯಾರಿಸಿದ ನಾರು) ಇವುಗಳಲ್ಲಿ ಇಂಥ ಸ್ಪ್ರಿಂಗ್ ಇಲ್ಲವೇ ಇಲ್ಲ.

ಎರಡನೆಯ ಸಂಗತಿ ತೇವ. ಶೇ. 65ರಷ್ಟು ಆರ್ದ್ರತೆಯ ಗಾಳಿಯಲ್ಲಿ ಉಣ್ಣೆ ತನ್ನ ಒಣ ತೂಕದ ಸುಮಾರು ಶೇ. 16ರಷ್ಟು ತೇವವನ್ನು ಹೀರಿಕೊಂಡಿರುತ್ತದೆ, ವಿಸ್ಕೋಸ್ ಶೇ. 11ರಿಂದ 13ರಷ್ಟು, ಹತ್ತಿ ಶೇ. 7ರಿಂದ 8ರಷ್ಟು, ಅಕ್ರಿಲಿಕ್ ಕೇವಲ ಶೇ. 1.5ರಿಂದ 2ರಷ್ಟು. ಇದನ್ನು ಕತ್ತಿಗೆ ಅನ್ವಯಿಸಿ ನೋಡಿದರೆ, ಎಸಿ ಬೋಗಿಯಿಂದ ಇಳಿದು ಪ್ಲಾಟ್‌ಫಾರ್ಮಿನ ಸೆಕೆಗೆ ಬಂದಾಗ ಅಕ್ರಿಲಿಕ್ ಕೌಲ್‌ನ ಒಳಗೆ ಬೆವರು ಚರ್ಮದ ಮೇಲೆಯೇ ಅಂಟಿಕೊಂಡು ಉಳಿಯುತ್ತದೆ. ಬಳ್ಳಿಯವರು ತಮಗಾಗಿ ಹತ್ತಿ–ಬಿದಿರನ್ನು ಆರಿಸಿಕೊಂಡದ್ದು ಆ ದೃಷ್ಟಿಯಿಂದ ಸರಿಯೇ. ಆದರೆ ನನ್ನನ್ನು ಕೇಳಿದರೆ ತೆಳುವಾದ ಮೆರಿನೊ ಕೌಲ್ ಅದಕ್ಕಿಂತಲೂ ಒಳ್ಳೆಯದು, ಮುಂಬೈಗೂ ಕೂಡ.

ಚೆಂಬೂರು ಚಿಕ್ಕಮ್ಮ

ಗಿರಣಿಯವರ ಅಂಕಿಗಳನ್ನು ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪುವುದಿಲ್ಲ. ಪುಣೆಯಲ್ಲಿ ಡಿಸೆಂಬರ್, ಜನವರಿಯ ಬೆಳಗುಗಳಲ್ಲಿ ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಮೇಲಿಂದ ಸ್ಕೂಟರಿನ ಎದುರುಗಾಳಿ, ಅದರ ಜೊತೆಗೆ ರಸ್ತೆಯ ಧೂಳು ಮತ್ತು ಹೊಗೆ. ಅಂಥ ಕೌಲ್ ವಾರಕ್ಕೆ ಎರಡು ಸಲವಾದರೂ ಒಗೆತಕ್ಕೆ ಬೀಳುತ್ತದೆ. ಬಕೆಟ್ಟಿನಲ್ಲಿ ನೆನೆಸಿ, ಹಿಂಡಿ, ಹಗ್ಗಕ್ಕೆ ಹಾಕಿದರೂ ಕೆಡದಿರುವುದು ಅಕ್ರಿಲಿಕ್ ಮಾತ್ರ. ದುಬಾರಿ ಮೆರಿನೊವನ್ನು ಕೊಟ್ಟರೆ ತಂಗಿ ಅದನ್ನು ಕಪಾಟಿನಲ್ಲಿಟ್ಟು ಹಳೆಯ ದುಪಟ್ಟಾವನ್ನೇ ಸುತ್ತಿಕೊಂಡು ಹೋಗುತ್ತಾಳೆ. ಧರಿಸುವವರ ದಿನಚರಿಗೆ ಹೊಂದದ ನೂಲು ಎಷ್ಟು ಉತ್ತಮವಾಗಿದ್ದರೇನು?

ಅಕ್ರಿಲಿಕ್‌ಗೆ ಒಂದೇ ಒಂದು ಎಚ್ಚರಿಕೆ ಬೇಕು. ಅದರ ಮೇಲೆ ಬಿಸಿ ಇಸ್ತ್ರಿಯನ್ನು ಒತ್ತಬಾರದು. ಒತ್ತಿದರೆ ರಿಬ್‌ನ ಸ್ಪ್ರಿಂಗ್ ಶಾಶ್ವತವಾಗಿ ಸತ್ತು, ಬಟ್ಟೆ ಜೋಲುಬಿದ್ದು ಹೊಳೆಯತೊಡಗುತ್ತದೆ, ಎಷ್ಟು ಒಗೆದರೂ ಮೊದಲಿನಂತಾಗುವುದಿಲ್ಲ. ಉಣ್ಣೆಯ ಹಾಗೆ ನೀರಿನಲ್ಲಿ ನೆನೆಸಿ, ಬೇಕಾದ ಆಕಾರಕ್ಕೆ ಎಳೆದು ಒಣಗಿಸಿ ಅಳತೆ ತಿದ್ದಿಕೊಳ್ಳುವ ಅವಕಾಶವೂ ಅದರಲ್ಲಿ ಇಲ್ಲವೆಂದೇ ಹೇಳಬೇಕು. ಕಡ್ಡಿಯಿಂದ ಇಳಿದಾಗ ಎಷ್ಟಿರುತ್ತದೋ ಬಹುಮಟ್ಟಿಗೆ ಅಷ್ಟೇ ಉಳಿಯುತ್ತದೆ. ಆದ್ದರಿಂದ ಅಕ್ರಿಲಿಕ್‌ನಲ್ಲಿ ಮೊದಲೇ ಸರಿಯಾದ ಲೆಕ್ಕ ಹಾಕಿಕೊಳ್ಳುವುದು ಹೆಚ್ಚು ಮುಖ್ಯ.

ಠಾಣೆಯ ಗಿರಣಿಯವ

ಚಿಕ್ಕಮ್ಮನವರೇ, ಸ್ಕೂಟರಿನ ವಿಚಾರದಲ್ಲಿ ತಮ್ಮ ಮಾತನ್ನು ಒಪ್ಪಿಕೊಂಡೆ. ಎಸಿ ಲೋಕಲ್‌ನ ವಿಚಾರದಲ್ಲಿ ಒಪ್ಪಿಲ್ಲ.

ಬೊರಿವಲಿ ಬಳ್ಳಿ

ಇಬ್ಬರಿಗೂ ಧನ್ಯವಾದಗಳು. ಮೆರಿನೊ ನನಗೂ ಇಷ್ಟವೇ, ಆದರೆ ಉಣ್ಣೆ ತಾಗಿದರೆ ನನ್ನ ಕತ್ತು ತುರಿಸುತ್ತದೆ. ಚಿಕ್ಕಂದಿನಲ್ಲಿ ಹಾವೇರಿಯ ಅಜ್ಜನ ಮನೆಯಲ್ಲಿ ಕಂಬಳಿ ಹೊದ್ದಾಗಲೂ ಹೀಗೆಯೇ ಆಗುತ್ತಿತ್ತು. ಇದು ಅಲರ್ಜಿಯೆಂದೇ ಇಷ್ಟು ವರ್ಷ ತಿಳಿದಿದ್ದೇನೆ.

ಠಾಣೆಯ ಗಿರಣಿಯವ

ಕಂಬಳಿಯನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಲೋಕದ ಯಾವ ಉಣ್ಣೆಯೂ ಉಳಿಯುವುದಿಲ್ಲ. ತುರಿಕೆಗೆ ಹೆಚ್ಚಿನ ವೇಳೆ ಕಾರಣವಾಗುವುದು ನಾರಿನ ದಪ್ಪ. ಸುಮಾರು 30 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ) ದಪ್ಪನಾದ ನಾರಿನ ತುದಿ ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ಚುಚ್ಚುತ್ತದೆ. ತೆಳುವಾದ ನಾರು ಬಾಗಿಬಿಡುತ್ತದೆ. ನಮ್ಮ ಕುರುಬರು ಕಂಬಳಿಗೂ ಮಹಾರಾಷ್ಟ್ರದ ಧನಗರರು ಘೋಂಗಡಿಗೂ ಬಳಸುವ ದಖ್ಖನಿ ಕುರಿಯ ತುಪ್ಪಟ ಒರಟು, ಅದರಲ್ಲಿ ಕೂದಲಿನಂಥ ನಾರುಗಳೂ ಬೆರೆತಿರುತ್ತವೆ. ಮಳೆ, ಗಾಳಿ, ನೆಲದ ತಂಪು ಇವುಗಳನ್ನು ತಡೆಯುವುದಕ್ಕೆ ಅದು ಹೇಳಿ ಮಾಡಿಸಿದ ವಸ್ತು, ಕತ್ತಿನ ಚರ್ಮಕ್ಕೆ ಅಲ್ಲ. ಕೈ ಹೆಣಿಗೆಗೆ ಸಿಗುವ ನಯವಾದ ಮೆರಿನೊ 18ರಿಂದ 22 ಮೈಕ್ರಾನ್ ಇರುತ್ತದೆ, ಲಡಾಖಿನ ಚಾಂಗ್‌ಥಾಂಗ್ ಮೇಕೆಗಳ ಪಶ್ಮಿನಾ 12ರಿಂದ 15. ಅಂಗೈಯಲ್ಲಿ ಹಿಡಿದು ನೋಡಿದರೆ ಏನೂ ತಿಳಿಯದು, ಅಂಗೈಯ ಚರ್ಮ ದಪ್ಪ. ನೂಲಿನ ಉಂಡೆಯನ್ನು ಗಲ್ಲದ ಕೆಳಗೆ, ಕತ್ತಿಗೆ ತಾಗುವಂತೆ ಅರ್ಧ ಗಂಟೆ ಇಟ್ಟುಕೊಂಡು ಕುಳಿತುಕೊಳ್ಳಿ, ಅಷ್ಟರಲ್ಲಿ ಗೊತ್ತಾಗುತ್ತದೆ. ದದ್ದು ಎದ್ದರೆ ಅಥವಾ ಚರ್ಮ ಕೆಂಪಗಾಗಿ ಹಾಗೆಯೇ ಉಳಿದರೆ ಅದು ಬೇರೆ ವಿಷಯ, ವೈದ್ಯರನ್ನೇ ಕೇಳಬೇಕು.

ಮಡಗಾಂವ್ ಮನೆ

ಗೋವಾದಲ್ಲಿ ಕುಳಿತು ಕೌಲ್ ಹೆಣೆಯುವವಳು ನಾನೊಬ್ಬಳೇ ಇರಬೇಕೆಂದು ಮನೆಯಲ್ಲಿ ನಗುತ್ತಾರೆ. ಆದರೂ ಹತ್ತಿ ಮತ್ತು ಬಿದಿರಿನಲ್ಲಿ ನನಗಿರುವಷ್ಟು ಅನುಭವ ಪುಣೆಯವರಿಗೆ ಇರಲಾರದು ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಬಳ್ಳಿಯವರೇ, ಈ ನೂಲಿಗೆ ಮೊದಲು ರಿಬ್ಬನ್ನು ಬಿಟ್ಟುಬಿಡಿ. ಹಿಗ್ಗಿದ್ದನ್ನು ಹಿಂದಕ್ಕೆ ಎಳೆದುಕೊಳ್ಳುವ ಶಕ್ತಿ ನೂಲಿನಲ್ಲಿ ಇಲ್ಲದಿರುವಾಗ ರಿಬ್ ಕೆಲವೇ ದಿನಗಳಲ್ಲಿ ಬಾಯಿ ಬಿಡುತ್ತದೆ. ಅದರ ಬದಲು ಸೀಡ್ ಹೆಣಿಗೆಯನ್ನು, ಅಂದರೆ ಒಂದು ನಿಟ್ ಒಂದು ಪರ್ಲ್ ಹಾಕಿ, ಮುಂದಿನ ಸುತ್ತಿನಲ್ಲಿ ನಿಟ್‌ನ ಮೇಲೆ ಪರ್ಲ್, ಪರ್ಲ್‌ನ ಮೇಲೆ ನಿಟ್ ಬರುವಂತೆ ಹೆಣೆಯುವುದನ್ನು ಬಳಸಿ. ಅದು ಅಂಚಿನಲ್ಲಿ ಸುರುಳಿಯಾಗುವುದಿಲ್ಲ, ಅಷ್ಟಾಗಿ ಜೋಲುವುದೂ ಇಲ್ಲ. ಸುತ್ತಿನಲ್ಲಿ ಹೆಣೆಯುವಾಗ ಬೆಸ ಸಂಖ್ಯೆಯ ಕುಣಿಕೆಗಳಿದ್ದರೆ ಸುತ್ತು ಮುಗಿಯುವಲ್ಲಿ ತಾನಾಗಿಯೇ ಸರಿಹೊಂದುತ್ತದೆ, ಎಲ್ಲಿಯೂ ಲೆಕ್ಕ ತಿದ್ದಬೇಕಾಗಿಲ್ಲ.

ಸುತ್ತಳತೆ 57 ಸೆಂ.ಮೀ. ಇಟ್ಟುಕೊಳ್ಳಿ, ಏಕೆಂದರೆ ಇದು ಹಿಗ್ಗದೆಯೇ ತಲೆ ದಾಟಬೇಕು. ಗೇಜ್ (10 ಸೆಂ.ಮೀ. ಅಗಲಕ್ಕೆ ಬರುವ ಕುಣಿಕೆಗಳ ಸಂಖ್ಯೆ) 22 ಬಂದರೆ 125 ಕುಣಿಕೆ. ಹಾಗೆ ಮಾಡಿದರೆ ಕತ್ತಿನ ಬಳಿ ಸಡಿಲವಾಗುತ್ತದಲ್ಲ ಎಂದು ಕೇಳುತ್ತೀರಿ. ನಿಜ, ಅದಕ್ಕೆ ಎರಡು ದಾರಿಗಳಿವೆ. ಕೆಳಗಿನ ಮೂರನೇ ಒಂದು ಭಾಗವನ್ನು 4 ಮಿ.ಮೀ., ನಡುವಿನದನ್ನು 3.75, ಮೇಲಿನದನ್ನು 3.5 ಮಿ.ಮೀ. ಕಡ್ಡಿಯಲ್ಲಿ ಹೆಣೆದರೆ ಕುಣಿಕೆಗಳನ್ನು ಕಡಿಮೆ ಮಾಡದೆಯೇ ಕೌಲ್ ಮೇಲ್ಮುಖವಾಗಿ ಸ್ವಲ್ಪ ಕಿರಿದಾಗುತ್ತದೆ. ಭುಜದ ಬಳಿ ಅಗಲ, ಗಲ್ಲದ ಬಳಿ ಬಿಗಿ. ಇಲ್ಲವೇ ಸುತ್ತಿನಲ್ಲಿ ಹೆಣೆಯುವುದನ್ನೇ ಬಿಟ್ಟು, ಕತ್ತಿನ ಅಳತೆಗೆ 10 ಸೆಂ.ಮೀ. ಕೂಡಿಸಿ, ಚಪ್ಪಟೆಯಾದ ಪಟ್ಟಿಯೊಂದನ್ನು ಹೆಣೆದು ಗುಂಡಿ ಹಚ್ಚಿ. ಆಗ ತಲೆ ದಾಟಿಸುವ ತಾಪತ್ರಯವೇ ಇರುವುದಿಲ್ಲ. ನಮ್ಮಲ್ಲಿ ತೆಂಗಿನ ಕರಟದ ಗುಂಡಿಗಳು ಸಿಗುತ್ತವೆ, ಹತ್ತಿಯ ಮೇಲೆ ಅವು ಬಹಳ ಒಪ್ಪುತ್ತವೆ. ನನ್ನ ಒಲವು ಈ ಎರಡನೆಯ ದಾರಿಯ ಕಡೆಗೇ. ಬೋಗಿಯಿಂದ ಇಳಿದ ಕೂಡಲೇ ಕೂದಲು ಕೆದರದೆ ತೆಗೆದು ಚೀಲಕ್ಕೆ ಹಾಕಿಕೊಳ್ಳಬಹುದು.

ಎತ್ತರವನ್ನು 24 ಸೆಂ.ಮೀ. ಇಡಲೇಬೇಡಿ. ಅಳತೆ ನೋಡಲು ಮೊದಲು ಹೆಣೆಯುವ ಮಾದರಿ ತುಂಡನ್ನು ಒಗೆದು ಒಣಗಿಸಿದ ಮೇಲೆ ಅದರ ಕೆಳಗಿನ ಅಂಚಿಗೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಿಕ್ಕಿಸಿ ರಾತ್ರಿಯಿಡೀ ತೂಗುಹಾಕಿ. 10 ಸೆಂ.ಮೀ. ಇದ್ದದ್ದು 11 ಆದರೆ ನಿಮ್ಮ 24 ಕೂಡ 26ನ್ನು ಮೀರುತ್ತದೆ ಎಂದರ್ಥ. ನಾನಾದರೆ 18ಕ್ಕೆ ನಿಲ್ಲಿಸುತ್ತೇನೆ.

ಕೊಥ್ರೂಡ್ ಕಡ್ಡಿ

ಮಡಗಾಂವ್‌ನವರ ತೂಗುಹಾಕುವ ಪರೀಕ್ಷೆಯನ್ನು ನಾನೂ ಇನ್ನು ಮುಂದೆ ಮಾಡುತ್ತೇನೆ. ಮಾದರಿ ತುಂಡಿನ ಬಗ್ಗೆ ಇನ್ನೆರಡು ಮಾತು ಸೇರಿಸಬೇಕು. ಕೌಲ್ ಅನ್ನು ಸುತ್ತಿನಲ್ಲಿ ಹೆಣೆಯುವುದಾದರೆ ತುಂಡನ್ನೂ ಸುತ್ತಿನಲ್ಲಿಯೇ ಹೆಣೆಯಬೇಕು, ಏಕೆಂದರೆ ನಮ್ಮಲ್ಲಿ ಬಹುಮಂದಿಯ ಪರ್ಲ್ ನಿಟ್‌ಗಿಂತ ಸಡಿಲ. ಹಿಂದೆ ಮುಂದೆ ತಿರುಗಿಸಿ ಹೆಣೆದ ತುಂಡಿನ ಗೇಜ್ ಸುತ್ತಿನ ಗೇಜಿಗೆ ಹೊಂದದಿರಬಹುದು. ಹಾಗೆಯೇ ಸ್ಟಾಕಿನೆಟ್‌ನಲ್ಲಿ (ಮುಂಬದಿಗೆ ಬರೀ ನಿಟ್ ಕಾಣುವ ಸಾದಾ ಹೆಣಿಗೆಯಲ್ಲಿ) ಗೇಜ್ ಅಳೆದು ರಿಬ್‌ಗೆ ಲೆಕ್ಕ ಹಾಕಬಾರದು. ರಿಬ್ ತಾನಾಗಿ ಮುದುಡಿಕೊಂಡಿರುತ್ತದೆ. ರಿಬ್‌ನದೇ ತುಂಡನ್ನು ಹೆಣೆದು, ಕತ್ತಿನ ಮೇಲೆ ಎಷ್ಟು ಹಿಗ್ಗಿ ಕೂರಬೇಕೆಂದಿದ್ದೀರೋ ಅಷ್ಟೇ ಹಿಗ್ಗಿಸಿ ಹಿಡಿದು ಅಳೆಯಿರಿ.

ಸೂಪರ್‌ವಾಶ್ ಮೆರಿನೊದ ಬಗ್ಗೆ ಯಾರೂ ಹೇಳಿಲ್ಲ. ಉಣ್ಣೆಯ ನಾರಿನ ಮೇಲೆ ಸೂಕ್ಷ್ಮವಾದ ಪದರಗಳಿರುತ್ತವೆ. ಬಿಸಿನೀರು, ಸೋಪು, ತಿಕ್ಕಾಟ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಉಣ್ಣೆ ಕುಗ್ಗಿ ಗಟ್ಟಿಯಾಗುತ್ತದೆ. ಸೂಪರ್‌ವಾಶ್‌ನಲ್ಲಿ ಆ ಪದರಗಳನ್ನು ರಾಸಾಯನಿಕದಿಂದ ಸವೆಸಿ, ಹೆಚ್ಚಾಗಿ ಮೇಲೆ ತೆಳುವಾದ ಲೇಪವನ್ನೂ ಕೊಟ್ಟಿರುತ್ತಾರೆ. ಆದ್ದರಿಂದಲೇ ಅದು ಕುಗ್ಗುವುದಿಲ್ಲ, ಮತ್ತು ಅದೇ ಕಾರಣದಿಂದ ಕುಣಿಕೆಗಳು ಒಂದನ್ನೊಂದು ಹಿಡಿದುಕೊಳ್ಳದೆ ಒದ್ದೆಯಾದಾಗ ಬಟ್ಟೆ ಗಾಬರಿಯಾಗುವಷ್ಟು ದೊಡ್ಡದಾಗುತ್ತದೆ. ಟೊರಾಂಟೊದಲ್ಲಿ ಮಗಳ ಬಳಿ ಬಟ್ಟೆ ಒಣಗಿಸುವ ಯಂತ್ರವಿದ್ದರೆ ಚೀಟಿಯಲ್ಲಿ ಅನುಮತಿ ಇರುವಷ್ಟು ಬಿಸಿಯಲ್ಲಿ ಸ್ವಲ್ಪ ಹೊತ್ತು ತಿರುಗಿಸಿದರೆ ಅದು ಮತ್ತೆ ಒಳಕ್ಕೆ ಸೇರುತ್ತದೆ. ಹೀಗಾಗಿ ಅವಳದಕ್ಕೆ 112ನ್ನೇ ಇಟ್ಟುಕೊಳ್ಳಿ, ದೊಡ್ಡದು ಮಾಡುವ ಆಸೆಗೆ ಬೀಳಬೇಡಿ. 50 ಗ್ರಾಂನ ಎರಡು ಉಂಡೆಗಳಲ್ಲಿ ಮುಗಿದರೂ ಮುಗಿಯಬಹುದು. ಆದರೆ ರಿಬ್ ಹೆಚ್ಚು ನೂಲು ತಿನ್ನುತ್ತದೆ, ಮೂರನೆಯದನ್ನು ಅದೇ ಡೈ ಲಾಟ್‌ನಲ್ಲಿ (ಒಂದೇ ಸಲ ಬಣ್ಣ ಹಾಕಿದ ಕಂತಿನಲ್ಲಿ) ಈಗಲೇ ತರಿಸಿಟ್ಟುಕೊಳ್ಳಿ.

ಡೊಂಬಿವಲಿ ಹೊಸಬಿ

ಸುತ್ತಿನಲ್ಲಿ ಹೆಣೆಯಲು ನನ್ನ ಬಳಿ 80 ಸೆಂ.ಮೀ. ಉದ್ದದ ಸರ್ಕ್ಯುಲರ್ ಕಡ್ಡಿ (ತಂತಿಯಿಂದ ಜೋಡಿಸಿದ ಎರಡು ಕಡ್ಡಿಗಳು) ಮಾತ್ರ ಇದೆ. ಅದರಲ್ಲಿ 51 ಸೆಂ.ಮೀ. ಕೌಲ್ ಹೆಣೆಯಬಹುದೇ?

ಚೆಂಬೂರು ಚಿಕ್ಕಮ್ಮ

ಹಾಗೆಯೇ ಹೆಣೆದರೆ ಕುಣಿಕೆಗಳು ಸುತ್ತು ತಲುಪುವುದಿಲ್ಲ. 40 ಸೆಂ.ಮೀ.ನದು ಬೇಕು, ಇಲ್ಲವೇ ಉಳಿದ ತಂತಿಯನ್ನು ಕುಣಿಕೆಗಳ ನಡುವಿನಿಂದ ಹೊರಗೆ ಎಳೆದಿಟ್ಟುಕೊಂಡು ಮ್ಯಾಜಿಕ್ ಲೂಪ್ ವಿಧಾನದಲ್ಲಿ ಹೆಣೆಯಬಹುದು. ಸುತ್ತನ್ನು ಸೇರಿಸುವ ಮುನ್ನ ಎಲ್ಲಾ ಕುಣಿಕೆಗಳ ಬುಡ ಒಂದೇ ಕಡೆ ಇದೆಯೇ ಎಂದು ನೋಡಿಕೊಳ್ಳಮ್ಮ. ಒಂದು ತಿರುವು ಉಳಿದುಬಿಟ್ಟರೆ ಬಿಚ್ಚುವುದರ ಹೊರತು ಬೇರೆ ಉಪಾಯವಿಲ್ಲ.

ಮಡಗಾಂವ್ ಮನೆ

ಒಣಗಿಸುವುದರ ಬಗ್ಗೆಯೂ ಹೇಳಿಬಿಡುತ್ತೇನೆ. ಅಕ್ರಿಲಿಕ್ ಅನ್ನು ಬಿಟ್ಟು ಉಳಿದ ಯಾವ ನೂಲಿನ ಕೌಲ್ ಅನ್ನೂ ಬಾಲ್ಕನಿಯ ಹಗ್ಗಕ್ಕೆ ಹಾಕಬಾರದು. ನೀರಿನ ಭಾರಕ್ಕೆ ಅದು ಉದ್ದವಾಗಿ, ಹಗ್ಗದ ಗುರುತೂ ಉಳಿಯುತ್ತದೆ. ಅಂಟುವಾಳದ ನೀರಿನಲ್ಲಿ ಅಥವಾ ಸೌಮ್ಯವಾದ ಸೋಪಿನಲ್ಲಿ ನೆನೆಸಿ, ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ, ಅಳತೆಗೆ ತಟ್ಟಿ ಚಪ್ಪಟೆಯಾಗಿ ಹರಡಬೇಕು. ಕರಾವಳಿಯ ತೇವದಲ್ಲಿ ಮೇಲಿನ ಪದರ ಒಣಗಿದರೂ ಕೆಳಗಿನದು ಒದ್ದೆಯಾಗಿಯೇ ಉಳಿದು ಮುಗ್ಗಲು ವಾಸನೆ ಬರುತ್ತದೆ. ಹಾಸಿಗೆಯ ಬದಲು ಜಾಲರಿಯ ಮೇಲೆ ಹರಡಿ, ಫ್ಯಾನ್ ಹಾಕಿ, ಅರ್ಧ ದಿನಕ್ಕೊಮ್ಮೆ ಮಗುಚಿ.

ಬೊರಿವಲಿ ಬಳ್ಳಿ

ಎಲ್ಲರ ಮಾತನ್ನೂ ಓದಿ ಮಾದರಿ ತುಂಡುಗಳನ್ನು ಹೆಣೆದು ಒಗೆದೆ. ಮೆರಿನೊ 22 ಬಂತು, ಮಗಳಿಗೆ 112 ಎಂದು ನಿಶ್ಚಯಿಸಿದ್ದೇನೆ. ಅಕ್ರಿಲಿಕ್ 20 ಬಂತು. 112 ಏರಿಸಿದ್ದರೆ 56 ಸೆಂ.ಮೀ. ಆಗುತ್ತಿತ್ತು, ಸ್ಕೂಟರಿನ ಗಾಳಿ ನೇರವಾಗಿ ಒಳಗೆ ನುಗ್ಗುತ್ತಿತ್ತು. ನಾಲ್ಕರಿಂದ ಭಾಗವಾಗುವಂತೆ 100 ಕುಣಿಕೆ ಏರಿಸಿ 50 ಸೆಂ.ಮೀ.ಗೆ ಹೆಣೆಯುತ್ತೇನೆ. ನನ್ನದಕ್ಕೆ ಗುಂಡಿಯ ಪಟ್ಟಿಯೇ ಇರಲಿ, ಎತ್ತರ 18. ಮೆರಿನೊ ಉಂಡೆಯನ್ನು ಗಲ್ಲದ ಕೆಳಗೆ ಇಟ್ಟುಕೊಂಡು ಕುಳಿತದ್ದೂ ಆಯಿತು. ತುರಿಸಲಿಲ್ಲ ಎಂದು ಗಿರಣಿಯವರಿಗೆ ತಿಳಿಸುತ್ತೇನೆ.

ಕೊನೆಯದೊಂದು ಸಂದೇಹ. ರಿಬ್ ಎಷ್ಟೇ ಹಿಗ್ಗಿದರೂ ನಾನು ಕುಣಿಕೆಗಳನ್ನು ಮುಚ್ಚುವ ಅಂಚು ಬಿಗಿಯಾಗಿಯೇ ಬರುತ್ತದೆ. ತಲೆ ಸಿಕ್ಕಿಕೊಳ್ಳುವುದು ಅಲ್ಲಿಯೇ.

ಕೊಥ್ರೂಡ್ ಕಡ್ಡಿ

ಎರಡು ನಂಬರು ದಪ್ಪನೆಯ ಕಡ್ಡಿಯಿಂದ ಮುಚ್ಚಿ, ಅಂದರೆ 4ರ ಬದಲು 5 ಮಿ.ಮೀ. ಬಳಸಿ. ಅದಕ್ಕಿಂತ ಒಳ್ಳೆಯದು ಈ ವಿಧಾನ: ಎರಡು ಕುಣಿಕೆಗಳನ್ನು ಅವುಗಳ ಹಿಂಬದಿಯಿಂದ ಸೇರಿಸಿ ಒಂದಾಗಿ ನಿಟ್ ಮಾಡಿ, ಬಂದ ಒಂದು ಕುಣಿಕೆಯನ್ನು ಎಡಗಡ್ಡಿಗೆ ಮರಳಿಸಿ, ಮುಂದಿನದರೊಂದಿಗೆ ಮತ್ತೆ ಹಾಗೆಯೇ ಸೇರಿಸುತ್ತ ಹೋಗಿ. ಒಂದರ ಮೇಲೊಂದು ದಾಟಿಸಿ ಮುಚ್ಚಿದ್ದಕ್ಕಿಂತ ಈ ಅಂಚು ಚೆನ್ನಾಗಿ ಹಿಗ್ಗುತ್ತದೆ. ಆರಂಭದ ಅಂಚಿಗೂ ಇದೇ ಮಾತು ಅನ್ವಯಿಸುತ್ತದೆ. ಏರಿಸುವಾಗ ಕುಣಿಕೆ ಕುಣಿಕೆಯ ನಡುವೆ ಬೆರಳಿನ ತುದಿಯಷ್ಟು ಜಾಗ ಬಿಡಿ. ಏರಿಸುವಾಗ ಕಡ್ಡಿ ದಪ್ಪವಾದರೆ ಕುಣಿಕೆ ಮಾತ್ರ ದೊಡ್ಡದಾಗುತ್ತದೆ, ಅಂಚಿನ ನೂಲು ಉದ್ದವಾಗುವುದು ಈ ಜಾಗದಿಂದಲೇ.